ಪಾಲುದಾರರಾದಿರಿ, ಸರಿ, ಪುಸ್ತಕದಲ್ಲಿ ನಿಮ್ಮ ಹೆಸರಿದೆಯೇ?

ಓದುಗರ ಪ್ರಶ್ನೆ, ಆಡಿಟರರ ಉತ್ತರ

ಕಾಸರಗೋಡಿನಲ್ಲಿ ಆಡಿಟ್ ಕಚೇರಿ ತೆರೆದು ಮೂವತ್ತು ವರ್ಷ ದಾಟಿತು. ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ, ಗಲ್ಫಿನವರು ರಜೆಯಲ್ಲಿ ಬರುವ ತಿಂಗಳು, ನನಗೆ ಒಂದೇ ಪ್ರಶ್ನೆ ಬರುತ್ತದೆ. ಕೇಳುವವರ ಊರು ಮಾತ್ರ ಬೇರೆ. ಈ ಸಲ ಬದಿಯಡ್ಕ, ಕಳೆದ ಸಲ ಉಪ್ಪಳ, ಅದರ ಹಿಂದಿನ ಸಲ ಮುಳ್ಳೇರಿಯ. ಹಾಗಾಗಿ ಇವತ್ತು ಅದಕ್ಕೇ ಹೆಚ್ಚು ಜಾಗ.

ಪ್ರಶ್ನೆ: ಸರ್, ನಮಗೆ ದೂರದ ಸಂಬಂಧಿಯೇ ಆದವರ ಚಿನ್ನದ ಅಂಗಡಿಯಲ್ಲಿ 6 ಲಕ್ಷ ಹಾಕಿದ್ದೇನೆ. ಲಕ್ಷಕ್ಕೆ ತಿಂಗಳಿಗೆ 1,500 ಕೊಡುತ್ತಾರೆ. ಬಡ್ಡಿ ಅಲ್ಲ, ಲಾಭಾಂಶ ಅಂತ ಹೇಳಿದ್ದಾರೆ. ನನ್ನನ್ನು ಎಲ್‌ಎಲ್‌ಪಿಯ (ಸೀಮಿತ ಹೊಣೆಯ ಪಾಲುದಾರಿಕೆ ಸಂಸ್ಥೆಯ) ಪಾಲುದಾರ ಅಂತ ಛಾಪಾ ಕಾಗದದಲ್ಲಿ ಬರೆದು ನೋಟರಿಯನ್ನೂ ಮಾಡಿಸಿದ್ದಾರೆ. ಐದು ತಿಂಗಳು ಸರಿಯಾಗಿ ಬಂದಿದೆ. ಈಗ ನನ್ನ ಭಾವನೂ 4 ಲಕ್ಷ ಹಾಕುತ್ತೇನೆ ಅನ್ನುತ್ತಾನೆ. ಹಾಕಬಹುದೇ?

ಉತ್ತರ: ಭಾವನಿಗೆ ಇವತ್ತೇ ಫೋನ್ ಮಾಡಿ ಬೇಡ ಅನ್ನಿ. ಮಿಕ್ಕದ್ದನ್ನು ಆಮೇಲೆ ಓದಿ.

ಐದು ತಿಂಗಳು ಸರಿಯಾಗಿ ಬಂತು ಅನ್ನುತ್ತೀರಿ. ಬಂದದ್ದೆಷ್ಟು? ತಿಂಗಳಿಗೆ 9,000, ಒಟ್ಟು 45,000. ನೀವು ಕೊಟ್ಟ ದುಡ್ಡಿನಲ್ಲಿ ಇನ್ನೂ 5,55,000 ಅವರ ಕೈಯಲ್ಲೇ ಇದೆ. ನಿಮ್ಮದೇ ನೋಟನ್ನು ನಿಮಗೆ ತಿರುಗಿಸಿ ಕೊಟ್ಟು ನಿಮ್ಮ ನಂಬಿಕೆ ಗಳಿಸಿದರು, ಅದರ ಮೇಲೆ ನಿಮ್ಮ ಭಾವನೂ ಸಿಕ್ಕಿದ. ಹೀಗೇ ಆಗಿದೆ ಅಂತ ನಾನು ಹೇಳುವುದಿಲ್ಲ. ಹೀಗಲ್ಲ ಅಂತ ತೋರಿಸುವ ಒಂದು ಚೀಟಿಯೂ ನಿಮ್ಮ ಕೈಯಲ್ಲಿಲ್ಲ ಅಂತ ಹೇಳುತ್ತಿದ್ದೇನೆ. ಲಕ್ಷಕ್ಕೆ 1,500 ಅಂದರೆ ವರ್ಷಕ್ಕೆ 18 ಶೇಕಡಾ. ಆಸ್ತಿಯ ಆಧಾರ ತೋರಿಸಿದರೆ ಬ್ಯಾಂಕು ಅದಕ್ಕಿಂತ ಎಷ್ಟೋ ಕಡಿಮೆಗೆ ಸಾಲ ಕೊಡುತ್ತದೆ. ಅದನ್ನು ಬಿಟ್ಟು ನಿಮ್ಮ ಹತ್ತಿರ ಯಾಕೆ ಬಂದರು? ಬ್ಯಾಂಕಿನವ ಬ್ಯಾಲೆನ್ಸ್ ಶೀಟ್ ಕೇಳುತ್ತಾನೆ, ನೀವು ಚಹಾ ಕುಡಿದು ಬಂದಿರಿ.

ಇನ್ನು ‘ಪಾಲುದಾರ’ ಅನ್ನುವ ಪದ. ಅದು ನಿಮಗೆ ಸಿಕ್ಕಿದ ಗೌರವ ಅಂತ ತಿಳಿಯಬೇಡಿ ಮಾರಾಯ್ರೆ. 2019ರಲ್ಲಿ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆ ಬಂತು. ಅನುಮತಿ ಇಲ್ಲದೆ ಸಾರ್ವಜನಿಕರಿಂದ ಠೇವಣಿ ಪಡೆದರೆ 2ರಿಂದ 7 ವರ್ಷ ಜೈಲು. ಮೋಸದಿಂದ ಹಿಂತಿರುಗಿಸದಿದ್ದರೆ 3ರಿಂದ 10 ವರ್ಷ. ಸಕ್ಷಮ ಪ್ರಾಧಿಕಾರಕ್ಕೆ (ಈ ಕಾಯ್ದೆಯಡಿ ಸರಕಾರ ನೇಮಿಸಿದ ಅಧಿಕಾರಿಗೆ) ಆಸ್ತಿ ಜಪ್ತಿ ಮಾಡುವ ಅಧಿಕಾರ ಇದೆ. ಆದರೆ ಅದೇ ಕಾಯ್ದೆ ಒಂದು ಮಾತು ಹೇಳುತ್ತದೆ: ಪಾಲುದಾರರು ಬಂಡವಾಳವಾಗಿ ಹಾಕಿದ ಹಣ ಠೇವಣಿ ಅಲ್ಲ. ಈ ಸಂದಿನಲ್ಲೇ ನುಸುಳುತ್ತಾರೆ. ಠೇವಣಿದಾರನಾಗಿದ್ದರೆ ನಿಮ್ಮ ಹಿಂದೆ ಒಂದು ಕಾಯ್ದೆ ನಿಂತಿರುತ್ತಿತ್ತು. ಪಾಲುದಾರ ಅಂತ ಆದರೆ ನಷ್ಟದಲ್ಲೂ ನಿಮ್ಮ ಪಾಲಿದೆ, ಅಂಗಡಿ ಮುಳುಗಿದರೆ ಸಾಲ ಕೊಟ್ಟವರೆಲ್ಲ ತೆಗೆದುಕೊಂಡು ಉಳಿದದ್ದು ನಿಮಗೆ. ಬೆಂಗಳೂರಿನ ಹೂಡಿಕೆ ಸಂಸ್ಥೆ ಐಎಂಎ 2019ರ ಜೂನಿನಲ್ಲಿ ಬಾಗಿಲು ಹಾಕಿದಾಗ ಅಲ್ಲಿ ಅತ್ತವರಲ್ಲೂ ಬಹಳ ಮಂದಿ ಕಾಗದದ ಮೇಲೆ ಎಲ್‌ಎಲ್‌ಪಿ ಪಾಲುದಾರರೇ. ಅಷ್ಟು ದೂರ ಹೋಗುವುದೂ ಬೇಡ. 2020ರ ನವೆಂಬರಿನಲ್ಲಿ ಚಿನ್ನದ ಅಂಗಡಿಯ ಹೂಡಿಕೆ ಪ್ರಕರಣದಲ್ಲಿ ನಮ್ಮ ಜಿಲ್ಲೆಯ ಶಾಸಕರೊಬ್ಬರ ಬಂಧನವಾದದ್ದು ನಿಮಗೆ ನೆನಪಿರಬೇಕು.

ಇದಕ್ಕಿಂತ ಬೇಸರದ ಸಂಗತಿ ಇನ್ನೊಂದು. ಛಾಪಾ ಕಾಗದದಲ್ಲಿ ಪಾಲುದಾರ ಅಂತ ಬರೆದರಷ್ಟೇ ಸಾಲದು. ಹೊಸ ಪಾಲುದಾರ ಸೇರಿದರೆ 30 ದಿನದೊಳಗೆ ಕಂಪನಿ ರಿಜಿಸ್ಟ್ರಾರರಿಗೆ ಫಾರ್ಮ್ 4 ಸಲ್ಲಿಸಬೇಕು. ನನ್ನ ಕಚೇರಿಗೆ ಇಂಥ ಕಾಗದ ಹಿಡಿದುಕೊಂಡು ಬಂದವರಲ್ಲಿ ಹೆಚ್ಚಿನವರ ಹೆಸರು ರಿಜಿಸ್ಟ್ರಾರರ ಹತ್ತಿರ ಇರಲೇ ಇಲ್ಲ. ನಿವೃತ್ತ ಮೇಷ್ಟ್ರೊಬ್ಬರು ಪ್ರಾವಿಡೆಂಟ್ ಫಂಡಿನ ದುಡ್ಡು ಹಾಕಿ, ಮೂರು ವರ್ಷ ತಾನು ಪಾಲುದಾರ ಅಂತ ಮದುವೆಮನೆಗಳಲ್ಲಿ ಹೇಳಿಕೊಂಡು ತಿರುಗಿದ್ದರು. ನಾನು ಕಂಪ್ಯೂಟರ್ ತಿರುಗಿಸಿ ತೋರಿಸಿದೆ: ದಾಖಲೆಯಲ್ಲಿ ಇಬ್ಬರೇ ಪಾಲುದಾರರು, ಗಂಡ ಮತ್ತು ಹೆಂಡತಿ. ಮೇಷ್ಟ್ರು ಕನ್ನಡಕ ತೆಗೆದು ಒರಸಿ ಮತ್ತೆ ನೋಡಿದರು.

ನೋಟರಿಯ ಬಗ್ಗೆ ಕೇಳಲೇಬೇಡಿ. ರುಜು ಹಾಕಿದ್ದು ನೀವೇ ಅಂತ ನೋಟರಿ ಹೇಳುತ್ತಾರೆ, ದುಡ್ಡು ತಿರುಗಿ ಬರುತ್ತದೆ ಅಂತ ಹೇಳುವುದಿಲ್ಲ. ಉದ್ಘಾಟನೆಗೆ ಬಂದ ಸ್ವಾಮಿಗಳೂ ಉಸ್ತಾದರೂ ಅಷ್ಟೇ. ಅವರು ದೀಪ ಹಚ್ಚಿದ್ದಾರೆ, ಲೆಕ್ಕ ನೋಡಿಲ್ಲ.

ಈಗ ಮಾಡಬೇಕಾದದ್ದು. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಆ ಎಲ್‌ಎಲ್‌ಪಿಯ ಹೆಸರು ಹಾಕಿ. ಪಾಲುದಾರರ ಹೆಸರು, ವಾರ್ಷಿಕ ಲೆಕ್ಕ, ವಾರ್ಷಿಕ ವಿವರಣೆ, ಮೂರನ್ನೂ ಯಾರು ಬೇಕಾದರೂ ನೋಡುವ ಹಕ್ಕು ಕಾನೂನಿನಲ್ಲೇ ಇದೆ. ಲೆಕ್ಕದ ಫಾರ್ಮ್ 8 ಅಕ್ಟೋಬರ್ 30ರೊಳಗೆ, ವಾರ್ಷಿಕ ವಿವರಣೆಯ ಫಾರ್ಮ್ 11 ಮೇ 30ರೊಳಗೆ ಸಲ್ಲಿಕೆಯಾಗಿರಬೇಕು. ಆಗಿಲ್ಲವಾದರೆ ಅದೇ ಉತ್ತರ. ನಿಮ್ಮ ಹೆಸರು ಇಲ್ಲವಾದರೆ ಒಂದು ದೃಷ್ಟಿಯಿಂದ ಒಳ್ಳೆಯದೇ: ನಾನು ಪಾಲುದಾರನೇ ಅಲ್ಲ, ಕೊಟ್ಟದ್ದು ಠೇವಣಿ ಅಂತ ವಾದಿಸಲು ಬಾಗಿಲು ತೆರೆಯುತ್ತದೆ. ವಕೀಲರ ಹತ್ತಿರ ಹೋಗಿ. ದುಡ್ಡು ಬ್ಯಾಂಕಿನ ಮೂಲಕ ಹೋಗಿದೆ ತಾನೇ? ನಗದು ಕೊಟ್ಟಿದ್ದರೆ ನಿಮ್ಮ ಮೇಲೆ ನನಗೆ ಸಿಟ್ಟಿದೆ.

ಆಮೇಲೆ ಅಂಗಡಿಗೆ ಹೋಗಿ 3 ಲಕ್ಷ ವಾಪಸು ಬೇಕು ಅನ್ನಿ. ಬಾಯಲ್ಲಿ ಹೇಳಬೇಡಿ, ಬರೆದು ಕೊಡಿ. ‘ಮುಂದಿನ ಸೀಸನ್ ಆಗಲಿ’, ‘ನಮ್ಮ ಮೇಲೆ ನಂಬಿಕೆ ಇಲ್ಲವಾ?’ ಅಂತ ರಾಗ ಸುರುವಾದರೆ ಠಾಣೆಗೂ ಸಕ್ಷಮ ಪ್ರಾಧಿಕಾರಕ್ಕೂ ದೂರು ಕೊಡಿ. ಸಂಬಂಧ ಕೆಡುತ್ತದೆ ಅಂತ ಕಾಯುವವರು, ಅಡಿಕೆಗೆ ಮಹಾಳಿ (ಕೊಳೆರೋಗ) ಬಂದು ಕಾಯಿ ಉದುರಿದ ಮೇಲೆ ಮದ್ದು ಬಿಡುವವರ ಹಾಗೆ.

ಪ್ರಶ್ನೆ: ಕಂಪನಿಗೆ ಪ್ರಶಸ್ತಿ ಬಂದಿದೆ, ದೊಡ್ಡ ಆಡಿಟರರೂ ಇದ್ದಾರೆ. ನಂಬಬಹುದಲ್ಲ? (ನೀಲೇಶ್ವರ)

ಉತ್ತರ: ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂಗೆ 2008ರಲ್ಲಿ ಉತ್ತಮ ಆಡಳಿತದ ಪ್ರಶಸ್ತಿ ಸಿಕ್ಕಿತ್ತು. 2009ರ ಜನವರಿ 7ರಂದು ಅದರ ಅಧ್ಯಕ್ಷರೇ ಪತ್ರ ಬರೆದು, ಪುಸ್ತಕದಲ್ಲಿ ತೋರಿಸಿದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಅಂದರು. ಆಡಿಟರರು ಜಗತ್ತಿಗೇ ದೊಡ್ಡವರು. ಬ್ಯಾಂಕಿನಿಂದ ನೇರವಾಗಿ ದೃಢೀಕರಣ ತರಿಸಿಕೊಂಡಿದ್ದರೆ ಮುಗಿಯುತ್ತಿತ್ತು. ನಾನು ಕಲಿಯುವಾಗ ನನ್ನ ಹಿರಿಯರು ಬ್ಯಾಂಕಿಗೆ ಬರೆದ ಪತ್ರವನ್ನು ಕಕ್ಷಿಗಾರರ ಕೈಗೆ ಕೊಡಲು ಬಿಡುತ್ತಿರಲಿಲ್ಲ. ಮಳೆಯಲ್ಲಿ ನೆನೆದುಕೊಂಡು ನಾನೇ ಅಂಚೆಗೆ ಹಾಕಬೇಕಿತ್ತು. ಆಗ ಬೈದುಕೊಂಡಿದ್ದೆ.

ಪ್ರಶ್ನೆ: ಚಿನ್ನದಂಗಡಿಯ ಸ್ಕೀಮಿನಲ್ಲಿ 11 ತಿಂಗಳು ಕಟ್ಟಿದರೆ 12ನೆಯ ಕಂತು ಅಂಗಡಿಯವರದ್ದು ಅನ್ನುತ್ತಾರೆ. 11 ಯಾಕೆ? (ಕುಂಬಳೆ)

ಉತ್ತರ: ಮಾಲಿಗೆ ಅಂತ ಪಡೆದ ಮುಂಗಡವನ್ನು ಕಂಪನಿ 365 ದಿನದೊಳಗೆ ಮಾಲು ಕೊಟ್ಟು ಚುಕ್ತಾ ಮಾಡದಿದ್ದರೆ ಅದು ಠೇವಣಿಯಾಗುತ್ತದೆ. ಅದಕ್ಕೆ 11. ಎರಡು ವರ್ಷದ ಸ್ಕೀಮ್ ಹೇಳಿದರೆ ಎದ್ದು ಬನ್ನಿ.

ಪ್ರಶ್ನೆ: ವ್ಯವಹಾರ ನೀತಿ ಕುರಿತು ಕಾಲೇಜಿನಲ್ಲಿ ಪ್ರಬಂಧ ಬರೆಯಬೇಕು. ಸರಕಾರಿ ಕಂಪನಿಗೂ ಇದು ಅನ್ವಯಿಸುತ್ತದಾ? (ಪೆರ್ಲ)

ಉತ್ತರ: ಪೆರ್ಲದಲ್ಲಿ ಕೂತು ಇದನ್ನು ಕೇಳುತ್ತೀರಾ ಮಗಾ? ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು ಕೇರಳ ಸರಕಾರದ ಪ್ಲಾಂಟೇಶನ್ ಕಾರ್ಪೊರೇಶನ್. 1970ರ ದಶಕದ ಕೊನೆಯಿಂದ 2000ದ ವರೆಗೆ. ಮದ್ದು ಬೀಳದ ಹಾಗೆ ಬಾವಿಗೆ ಮುಚ್ಚಳ ಹಾಕಬಹುದು, ತೋಡಿಗೆ (ಹಳ್ಳಕ್ಕೆ) ಹಾಕುವುದು ಹೇಗೆ? ಸುಪ್ರೀಂ ಕೋರ್ಟು 2011ರ ಮೇ 13ರಂದು ಅದನ್ನು ದೇಶಕ್ಕೇ ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಅಂದಿತು. ಕೊಡದ್ದಕ್ಕೆ 2022ರಲ್ಲಿ ಕೇರಳ ಸರಕಾರವನ್ನು ತರಾಟೆಗೆ ತೆಗೆದುಕೊಂಡಿತು. ಕಂಪನಿಯ ಖರ್ಚಿನ ಪಟ್ಟಿಯಲ್ಲಿ ಮದ್ದಿನ ಬೆಲೆ ಇರುತ್ತದೆ, ಹೆಲಿಕಾಪ್ಟರಿನ ಬಾಡಿಗೆ ಇರುತ್ತದೆ. ನಿಮ್ಮ ಪಕ್ಕದ ಪಡ್ರೆಯ ಸಂತ್ರಸ್ತರ ಮನೆಗಳ ಖರ್ಚು ಯಾವ ತಲೆಬರಹದಡಿ ಇತ್ತು ಅಂತ ಹುಡುಕಿ, ಪ್ರಬಂಧ ಅಲ್ಲಿಂದ ಸುರು ಮಾಡಿ.

ಪ್ರಶ್ನೆ: ಊರಿನ ಕುರಿಗೆ (ಚಿಟ್‌ಫಂಡಿಗೆ) ಸೇರಬಹುದೇ?

ಉತ್ತರ: ಚಿಟ್‌ಫಂಡ್ ಕಾಯ್ದೆಯಲ್ಲಿ ನೋಂದಣಿ ಇದ್ದರೆ ಸೇರಿ, ಇಲ್ಲವಾದರೆ ಬೇಡ.

ಪ್ರಶ್ನೆ: ದಿನಕ್ಕೆ 2 ಶೇಕಡಾ ಕೊಡುವ ಆ್ಯಪ್?

ಉತ್ತರ: ಬೇಡ.

ಪ್ರಶ್ನೆ: ಮುಳುಗಿದ ದುಡ್ಡು ವಸೂಲಿ ಮಾಡಿಕೊಡುತ್ತೇನೆ, ಮೊದಲು 20 ಸಾವಿರ ಕೊಡಿ ಅಂತ ಒಬ್ಬರು ಮಂಗಳೂರಿನಿಂದ ಫೋನ್ ಮಾಡುತ್ತಾರೆ. (ಹೊಸಂಗಡಿ)

ಉತ್ತರ: ನಿಮ್ಮ ದುಡ್ಡು ಮುಳುಗಿದ್ದು ಅವರಿಗೆ ಹೇಗೆ ಗೊತ್ತಾಯಿತು ಅಂತ ಕೇಳಿದಿರಾ? ಸಂತ್ರಸ್ತರ ಪಟ್ಟಿ ಹಿಡಿದು ಎರಡನೆಯ ಸುತ್ತು ಬರುವವರು ಇವರು. ಆ ಫೋನ್ ನಂಬರನ್ನು ನನಗಲ್ಲ, ಮಂಜೇಶ್ವರ ಠಾಣೆಗೆ ಕೊಡಿ.

ಇನ್ನು ಮುಂದೆ ಚಿನ್ನದಂಗಡಿಯ ಪ್ರಶ್ನೆ ಕಳಿಸುವವರು ಕರಾರಿನ ಪ್ರತಿಯನ್ನೂ ಕಳಿಸಬೇಕು. ಕರಾರು ಓದದೆ ನಾನು ಉತ್ತರ ಬರೆಯುವುದಿಲ್ಲ.