ಪೆಸಹಾ ಅಪ್ಪ ಇಡ್ಲಿಯ ಹಾಗೆ ಉಬ್ಬುತ್ತದೆ, ಯಾಕೆ? ಇದು ಯಹೂದಿಗಳಿಂದ ಬಂದದ್ದೇ?

ಈಸ್ಟರ್ ಹಿಂದಿನ ಗುರುವಾರ ರಾತ್ರಿ, ಯೇಸುವಿನ ಕೊನೆಯ ಊಟದ ನೆನಪಿಗೆ, ಕೇರಳದ ಸುರಿಯಾನಿ ಕ್ರೈಸ್ತರ ಮನೆಗಳಲ್ಲಿ ಹಬೆಯಲ್ಲಿ ಬೇಯಿಸುವ ಪೆಸಹಾ ಅಪ್ಪ ಯಹೂದಿಗಳಿಂದ ಬಂದದ್ದು ನಿಜವೇ, ನೀವು ಮಾಡಿದ್ದು ಮೇಲೆ ಉಬ್ಬಿ ನಡುವೆ ಹಸಿ ಉಳಿದದ್ದೇಕೆ ಎಂದು ಕೇಳಿದ್ದೀರಿ. ಎಲ್ಲಿಂದ ಬಂತು, ಯಾಕೆ ಉಬ್ಬಿತು ಎಂಬೆರಡಕ್ಕೂ ಉತ್ತರ ‘ಹುಳಿ’ ಎಂಬ ಒಂದೇ ಮಾತಿನಲ್ಲಿದೆ; ಹಸಿ ಉಳಿದದ್ದಕ್ಕೆ ಕಾರಣ ಬೇರೆ.

ಅಕ್ಕಿ, ಉದ್ದು, ನೀರು, ಏಪ್ರಿಲ್ ಸೆಕೆ. ಇಡ್ಲಿ ಹಿಟ್ಟು ಉಬ್ಬುವುದಕ್ಕೆ ಇನ್ನೇನು ಬೇಕು? ಇಲ್ಲಿ ಅದೇ ಆಗಬಾರದು. ಬೈಬಲ್ಲಿನ ವಿಮೋಚನಕಾಂಡದ 12ನೇ ಅಧ್ಯಾಯದಲ್ಲಿ ಇಸ್ರಾಯೇಲರು ಐಗುಪ್ತ (ಈಜಿಪ್ಟ್) ಬಿಡುವ ರಾತ್ರಿ ತಿನ್ನಬೇಕಾದ್ದು ಹುಳಿಯಿಲ್ಲದ ರೊಟ್ಟಿ. ಆ ರಾತ್ರಿಯ ನೆನಪಿನ ಪಸ್ಕ ಹಬ್ಬದಲ್ಲಿ ಯಹೂದಿಗಳ ಕಟ್ಟುಪಾಡು ಇನ್ನೂ ಬಿಗಿ: ಹಿಟ್ಟಿಗೆ ನೀರು ತಾಗಿದ ಮೇಲೆ 18 ನಿಮಿಷದೊಳಗೆ ಬೇಯಬೇಕು. ನಿಜ ಹೇಳಬೇಕೆಂದರೆ ಅವರ ಲೆಕ್ಕದಲ್ಲಿ ಅಕ್ಕಿಯಿಂದ ಆ ರೊಟ್ಟಿ ಆಗುವುದೇ ಇಲ್ಲ, ಗೋಧಿ, ಬಾರ್ಲಿಯಂಥ ಐದು ಧಾನ್ಯ ಮಾತ್ರ. ಹಾಗಾಗಿ ಇದು ಯಹೂದಿ ಅಡುಗೆಯ ನಕಲಲ್ಲ. ಹುಳಿ ಬೇಡ ಎಂಬ ನಿಯಮವನ್ನು ಉಳಿಸಿಕೊಂಡು ಮಲಬಾರಿನ ಅಡುಗೆಮನೆಯಲ್ಲಿ ಇದ್ದದ್ದರಿಂದ ಮಾಡಿದ್ದು. ಕೊಚ್ಚಿಯ ಯಹೂದಿಗಳಿಂದ ಕಲಿತದ್ದು ಅನ್ನುವವರಿದ್ದಾರೆ. ಆದರೆ ‘ಪೆಸಹಾ’ ಎಂಬ ಹೆಸರು ಬಂದಿರುವುದು ಪೂಜೆಯ ಭಾಷೆಯಾದ ಸುರಿಯಾನಿಯಿಂದ. ಹೀಬ್ರೂವಿನ ‘ಪೆಸಾಹ್’, ಕನ್ನಡ ಬೈಬಲ್ಲಿನ ‘ಪಸ್ಕ’ ಎಲ್ಲ ಅದರ ದಾಯಾದಿಗಳೇ.

ಇನ್ನು ಅಳತೆ. ಹುರಿದ ಅಕ್ಕಿ ಹಿಟ್ಟು 2 ಕಪ್, ಉದ್ದಿನಬೇಳೆ ಅರ್ಧ ಕಪ್, ತೆಂಗಿನ ತುರಿ ಒಂದೂವರೆ ಕಪ್, ಸಾಂಬಾರ್ ಈರುಳ್ಳಿ 6, ಬೆಳ್ಳುಳ್ಳಿ 2 ಎಸಳು, ಜೀರಿಗೆ ಅರ್ಧ ಚಮಚ, ಉಪ್ಪು. ಉದ್ದು 3 ಗಂಟೆ ನೆನೆದರೆ ಸಾಕು, ರಾತ್ರಿಯಿಡೀ ಬೇಡ. ತಣ್ಣೀರು ಹಾಕಿ ನುಣ್ಣಗೆ ರುಬ್ಬಿ. ಮಿಕ್ಸಿ ಬಿಸಿಯಾದರೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಕಾಯಿ, ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ ತರಿತರಿಯಾಗಿದ್ದರೆ ಚೆನ್ನ. ಎಲ್ಲ ಕಲಸಿದಾಗ ಇಡ್ಲಿ ಹಿಟ್ಟಿಗಿಂತ ಒಂದಿಷ್ಟು ಗಟ್ಟಿ ಇರಬೇಕು. ಕಲಸುವ ಮೊದಲೇ ಒಲೆಯ ಮೇಲೆ ನೀರು ಕುದಿಯುತ್ತಿರಲಿ. ನಿಮ್ಮದು ಕೆಟ್ಟದ್ದು ಇಲ್ಲೇ ಇರಬೇಕು: ಮಧ್ಯಾಹ್ನ ಕಲಸಿಟ್ಟು, ಚರ್ಚಿನಿಂದ ಬಂದ ಮೇಲೆ ಬೇಯಿಸಿದರೆ ಅಷ್ಟರಲ್ಲಿ ಹುಳಿ ಹತ್ತಿರುತ್ತದೆ. ಮೊದಲೇ ಬೇಯಿಸಿಟ್ಟು ಹೋಗಿ, ತಣ್ಣಗಾದ ಅಪ್ಪ ಕತ್ತರಿಸಲೂ ಸುಲಭ.

ನಡುವೆ ಹಸಿ ಉಳಿಯುವುದು ದಪ್ಪದಿಂದ. ಎಣ್ಣೆ ಸವರಿದ ತಟ್ಟೆಯಲ್ಲಿ ಒಂದು ಇಂಚಿಗಿಂತ ಹೆಚ್ಚು ಸುರಿಯಬೇಡಿ, 25–30 ನಿಮಿಷ ಹಬೆ ಸಾಕು. ಮುಚ್ಚಳಕ್ಕೆ ಬಟ್ಟೆ ಕಟ್ಟದಿದ್ದರೆ ನೀರು ತೊಟ್ಟಿಕ್ಕಿ ಮೇಲ್ಮೈ ಗುಳಿ ಬೀಳುತ್ತದೆ. ಉದ್ದು ಹೆಚ್ಚಾದರೆ ಅಂಟಂಟು, ಅಕ್ಕಿ ಹೆಚ್ಚಾದರೆ ಬಿರುಕು.

ಸುರಿದ ಹಿಟ್ಟಿನ ಮೇಲೆ ಗರಿಗಳ ಭಾನುವಾರ (ಈಸ್ಟರ್‌ಗೆ ಒಂದು ವಾರ ಮೊದಲು) ಚರ್ಚಿನಲ್ಲಿ ಕೊಟ್ಟ ಎಳೆ ತೆಂಗಿನಗರಿಯ ಎರಡು ತುಂಡನ್ನು ಶಿಲುಬೆಯಾಗಿ ಇಡುತ್ತಾರೆ. ಒತ್ತಬೇಡಿ, ಮುಳುಗುತ್ತದೆ. ಮನೆಗೆ ಇಂಥದ್ದು ಒಂದೇ, ಹೆಚ್ಚಿಗೆ ಬೇಯಿಸಿದವಕ್ಕೆ ಶಿಲುಬೆ ಇಲ್ಲ. ಇದರ ಇನ್ನೊಂದು ಹೆಸರು ‘ಇಂಡ್ರಿ ಅಪ್ಪ’; ಅದು ಯೇಸುವಿನ ಶಿಲುಬೆಯ ಮೇಲಿನ ‘ಐ.ಎನ್.ಆರ್.ಐ.’ (‘ನಜರೇತಿನ ಯೇಸು, ಯಹೂದಿಗಳ ಅರಸ’ ಎಂಬುದರ ಲ್ಯಾಟಿನ್ ಹ್ರಸ್ವರೂಪ) ಬರಹದಿಂದ ಬಂದದ್ದು ಅನ್ನುತ್ತಾರೆ.

ಜೊತೆಗೆ ಪೆಸಹಾ ಪಾಲ್. ಹೆಸರಿಗೆ ಹಾಲು, ಇರುವುದು ಕಾಯಿಹಾಲು. ಕಾಲು ಕಿಲೋ ಬೆಲ್ಲ ಕರಗಿಸಿ ಸೋಸಿ, 3 ಚಮಚ ಹುರಿದ ಅಕ್ಕಿ ಹಿಟ್ಟನ್ನು ತಣ್ಣನೆಯ ಎರಡನೇ ಹಾಲಿನಲ್ಲಿ (ತುರಿಯನ್ನು ಎರಡನೇ ಸಲ ಹಿಂಡಿದ ತೆಳು ಕಾಯಿಹಾಲು) ಕದಡಿ ಅದಕ್ಕೆ ಸೇರಿಸಿ ಕೈಬಿಡದೆ ತಿರುವಿ. ಬಿಸಿಗೆ ನೇರವಾಗಿ ಹಿಟ್ಟು ಹಾಕಿದರೆ ಗಂಟು. ಮಂದವಾದ ಮೇಲೆ ಒಲೆ ಆರಿಸಿ, ಮೊದಲು ಹಿಂಡಿದ ಗಟ್ಟಿ ಹಾಲು, ಏಲಕ್ಕಿ, ಒಣಶುಂಠಿ ಪುಡಿ ಹಾಕಿ. ಗಟ್ಟಿ ಹಾಲು ಕುದಿಸಿದರೆ ಒಡೆಯುತ್ತದೆ.

ರಾತ್ರಿ ಪ್ರಾರ್ಥನೆಯಾಗಿ, ಬೈಬಲ್ಲಿನ ಭಾಗ ಓದಿದ ಮೇಲೆ ಮನೆಯ ಯಜಮಾನ ಅಪ್ಪವನ್ನು ಕತ್ತರಿಸುತ್ತಾನೆ. ಕೆಲವು ಮನೆಗಳಲ್ಲಿ 13 ತುಂಡು, ಯೇಸು ಮತ್ತು 12 ಶಿಷ್ಯರ ಲೆಕ್ಕ. ಹಿರಿಯರಿಂದ ಕಿರಿಯರವರೆಗೆ ಒಬ್ಬೊಬ್ಬರೂ ಎರಡೂ ಕೈ ಒಡ್ಡಿ ತೆಗೆದುಕೊಂಡು ಪೆಸಹಾ ಪಾಲ್‌ನಲ್ಲಿ ಅದ್ದಿ ತಿನ್ನುತ್ತಾರೆ. ವರ್ಷದೊಳಗೆ ಸಾವಾದ ಮನೆಯಲ್ಲಿ ಅಪ್ಪ ಬೇಯಿಸುವುದಿಲ್ಲ, ನೆಂಟರೋ ನೆರೆಯವರೋ ತಂದುಕೊಡುತ್ತಾರೆ. ಕುಟುಂಬ ಚಿಕ್ಕದಾದರೆ ನೆರೆಮನೆಯೊಂದಿಗೆ ಪಸ್ಕದ ಕುರಿಮರಿ ಹಂಚಿಕೊಳ್ಳಿ ಎಂದು ಅದೇ 12ನೇ ಅಧ್ಯಾಯ ಹೇಳುವುದು ನನಗೆ ಇಲ್ಲಿ ನೆನಪಾಗುತ್ತದೆ. ಕಾರಣ ಬೇರೆ, ರೂಢಿ ಹತ್ತಿರದ್ದು.

ಮರುದಿನ ಶುಭ ಶುಕ್ರವಾರ ಚರ್ಚಿನಲ್ಲಿ ಕುಡಿಯುವ ಹಾಗಲಕಾಯಿ ರಸವನ್ನು ಪಸ್ಕದ ಊಟದಲ್ಲಿ ತಿನ್ನುವ ಕಹಿ ಸೊಪ್ಪಿಗೆ ಜೋಡಿಸುವವರಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ, ಅದು ಶಿಲುಬೆಗೇರಿಸುವಾಗ ಯೇಸುವಿಗೆ ಕೊಟ್ಟ ಕಹಿಯ ನೆನಪು.

ಅಂದಹಾಗೆ, ಮಂಗಳೂರಿನ ಕೊಂಕಣಿ ಕಥೋಲಿಕರಲ್ಲಿ ಇದನ್ನು ಹುಡುಕಬೇಡಿ. 1999ರಿಂದ ಸೀರೊ ಮಲಬಾರ್ (ಕೇರಳದ ಸುರಿಯಾನಿ ಕಥೋಲಿಕರ) ಧರ್ಮಪ್ರಾಂತ್ಯವಿರುವ ಬೆಳ್ತಂಗಡಿ ಕಡೆ, ಕೇರಳದಿಂದ ಬಂದು ನೆಲೆಸಿದವರ ಮನೆಗಳಲ್ಲಿ ಕೇಳಿ.

ಅಪ್ಪದ ಮೇಲಿದ್ದ ಗರಿಯನ್ನು ಕಸಕ್ಕೆ ಎಸೆಯುವುದಿಲ್ಲ, ಸುಡುತ್ತಾರೆ. ಹಬೆಯಲ್ಲಿ ನೆಂದಿರುತ್ತದೆ, ಒಂದು ದಿನ ಒಣಗಲು ಬಿಡಿ.