ಎನ್‌ಎಫ್‌ಎಸ್ ಸರ್ವರ್ ಬಿದ್ದುಹೋದಾಗ ಮೌಂಟ್ ಬಿಡಿಸುವುದು ಹೇಗೆ?

ಎನ್‌ಎಫ್‌ಎಸ್ ಅಂದರೆ ಬೇರೆ ಕಂಪ್ಯೂಟರಿನ (ಸರ್ವರ್) ಫೋಲ್ಡರನ್ನು ನೆಟ್‌ವರ್ಕ್ ಮೂಲಕ ನಮ್ಮ ಲಿನಕ್ಸ್ ಯಂತ್ರಕ್ಕೆ ಜೋಡಿಸಿಕೊಳ್ಳುವ ವ್ಯವಸ್ಥೆ, ಆ ಜೋಡಣೆಯೇ ಮೌಂಟ್. ಸರ್ವರ್ ಬಂದ್ ಆದ ಮೇಲೆ ಡಿಸ್ಕ್ ಜಾಗ ತೋರಿಸುವ ‘ಡಿಎಫ್’ ಹೊಡೆದರೆ ಟರ್ಮಿನಲ್ಲೇ ನಿಂತುಬಿಡುತ್ತದೆ, ಮೌಂಟ್ ಬಿಡಿಸುವ ‘ಯುಮೌಂಟ್’ ಮಾಡಿದರೆ ‘ಬಿಜಿ’ (ಇನ್ನೂ ಬಳಕೆಯಲ್ಲಿದೆ) ಅನ್ನುತ್ತದೆ, ರೀಬೂಟ್ ಬಿಟ್ಟು ಬೇರೆ ದಾರಿ ಇದೆಯಾ ಅಂತ ಕೇಳಿದ್ದೀರಿ. ಇದೆ.

ಮೊದಲು ಸರ್ವರ್ ವಾಪಸ್ ಬರುತ್ತದಾ ವಿಚಾರಿಸಿ. ಬರುವ ಹಾಗಿದ್ದರೆ ಏನೂ ಮಾಡಬೇಡಿ. ನೀವು ಬೇರೆ ಏನೂ ಹೇಳದಿದ್ದರೆ ಎನ್‌ಎಫ್‌ಎಸ್ ‘ಹಾರ್ಡ್’ ಮೌಂಟ್ ಆಗುತ್ತದೆ. ಅಂದರೆ ಉತ್ತರ ಸಿಗುವವರೆಗೂ ಬಿಡದೆ ಕೇಳುತ್ತಲೇ ಇರುತ್ತದೆ. ಸರ್ವರ್ ಎದ್ದ ಮೇಲೆ ಅರ್ಧಕ್ಕೆ ನಿಂತ ಕಾಪಿ ಅಲ್ಲಿಂದಲೇ ಮುಂದುವರಿಯುತ್ತದೆ.

ಬರಲ್ಲ ಅಂತ ಖಾತ್ರಿಯಾದರೆ ಇನ್ನೊಂದು ಟರ್ಮಿನಲ್ ತೆರೆಯಿರಿ. ಆ ಫೋಲ್ಡರ್ ಕಡೆ ಫೈಲ್ ಪಟ್ಟಿ ತೋರಿಸುವ ‘ಎಲ್‌ಎಸ್’ ಕೂಡ ಹೊಡೆಯಬೇಡಿ. ಮೌಂಟ್‌ಗಳ ಪಟ್ಟಿ ಬೇಕಾದರೆ ‘/ಪ್ರಾಕ್/ಮೌಂಟ್ಸ್’ ಓದಿ. ಡಿಸ್ಕ್ ಜಾಗ ನೋಡಲು ‘ಡಿಎಫ್ -ಎಲ್’ ಸಾಕು, ಅದು ಲೋಕಲ್ ಡಿಸ್ಕ್ ಮಾತ್ರ ತೋರಿಸುತ್ತದೆ. ‘ಬಿಜಿ’ ಅಂತ ಬಂದರೆ ‘ಫ್ಯೂಸರ್’ (ಫೋಲ್ಡರನ್ನು ಯಾವ ಪ್ರೊಸೆಸ್ ಬಳಸುತ್ತಿದೆ ಅಂತ ತೋರಿಸುವ ಕಮಾಂಡ್) ಓಡಿಸಿ ಅಂತ ಎಲ್ಲರೂ ಹೇಳುತ್ತಾರೆ. ಸರ್ವರ್ ಬದುಕಿದ್ದಾಗ ಅದು ಸರಿಯೇ. ಸತ್ತಿದ್ದರೆ ಫ್ಯೂಸರ್ ಕೂಡ ಹೋಗಿ ಅಲ್ಲೇ ಸಿಕ್ಕಿಹಾಕಿಕೊಳ್ಳಬಹುದು. ಅದಕ್ಕೆ ನಾನು ಪ್ರೊಸೆಸ್ ಪಟ್ಟಿ ಕೊಡುವ ‘ಪಿಎಸ್’ನಲ್ಲಿ ‘ಡಿ’ (ಡಿಸ್ಕ್ ಅಥವಾ ನೆಟ್‌ವರ್ಕ್ ಉತ್ತರಕ್ಕೆ ಕಾದು ನಿಂತಿದೆ) ಅಂತ ತೋರಿಸುವ ಪ್ರೊಸೆಸ್‌ಗಳನ್ನು ಹುಡುಕುತ್ತೇನೆ. ಇವು ಸಾಯುವುದೇ ಇಲ್ಲ ಅನ್ನುವುದು ಹಳೆಯ ಮಾತು. ಕರ್ನಲ್ 2.6.25ರಿಂದ ಈಚೆಗೆ ಎನ್‌ಎಫ್‌ಎಸ್‌ಗೆ ಕಾಯುತ್ತಿರುವ ಪ್ರೊಸೆಸ್ ಸಾಮಾನ್ಯವಾಗಿ ಬಲವಂತವಾಗಿ ಕೊಲ್ಲುವ ‘ಕಿಲ್ -9’ಗೆ ಬಗ್ಗುತ್ತದೆ.

ಆಮೇಲೆ ಬಲವಂತವಾಗಿ ಬಿಡಿಸುವ ‘ಯುಮೌಂಟ್ -ಎಫ್’. ಅದಕ್ಕೂ ಜಗ್ಗದಿದ್ದರೆ ‘ಯುಮೌಂಟ್ -ಎಲ್’. ಈ ಎರಡನೆಯದು ತುಂಬಾ ಸಲೀಸು, ಅದೇ ತೊಂದರೆ. ಫೋಲ್ಡರ್ ತಕ್ಷಣ ಖಾಲಿ ಕಾಣುತ್ತದೆ, ಆದರೆ ಯಾರಾದರೂ ಫೈಲ್ ತೆರೆದಿಟ್ಟಿದ್ದರೆ ಮೌಂಟ್ ಒಳಗೊಳಗೇ ಉಳಿದಿರುತ್ತದೆ. ಇನ್ನೂ ಸರ್ವರ್‌ಗೆ ತಲುಪದ ಡೇಟಾ ಹೋಯಿತು ಅಂತಲೇ ಲೆಕ್ಕ.

ಮೌಂಟ್ ಮಾಡುವಾಗ ‘ಹಾರ್ಡ್’ ಬದಲು ‘ಸಾಫ್ಟ್’ ಹಾಕಿಬಿಡಿ, ತಲೆನೋವೇ ಇರಲ್ಲ ಅಂತ ಯಾರಾದರೂ ಹೇಳಬಹುದು. ಬರೀ ಓದುವ ಶೇರ್ ಆದರೆ ಪರವಾಗಿಲ್ಲ. ಬರೆಯುವ ಶೇರ್‌ಗೆ ನಾನಂತೂ ಹಾಕಲ್ಲ. ಅದು ಸ್ವಲ್ಪ ಹೊತ್ತು ಕಾದು ಎರರ್ ಕೊಟ್ಟು ಕೈಬಿಡುತ್ತದೆ. ಆ ಎರರ್ ನೋಡದ ಪ್ರೋಗ್ರಾಂ ಅರ್ಧ ಫೈಲನ್ನೇ ಪೂರ್ತಿ ಅಂದುಕೊಂಡು ಮುಂದೆ ಹೋಗುತ್ತದೆ. ಹಾಕಲೇಬೇಕಾದರೆ ‘ಟೈಮಿಯೋ’ (ಉತ್ತರಕ್ಕೆ ಕಾಯುವ ಹೊತ್ತು) ಲೆಕ್ಕ ನೋಡಿಕೊಳ್ಳಿ. ಅದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ. 30 ಅಂದರೆ ಅರ್ಧ ನಿಮಿಷ ಅಲ್ಲ, ಮೂರೇ ಸೆಕೆಂಡ್. ಟಿಸಿಪಿಯಲ್ಲಿ ಮಾಮೂಲಿ ಬೆಲೆ 600, ಅಂದರೆ ಒಂದು ನಿಮಿಷ.

ಬೂಟ್ ಆಗುವಾಗ ಸಿಕ್ಕಿಹಾಕಿಕೊಳ್ಳಬಾರದು ಅಂದರೆ ಮೌಂಟ್‌ಗಳನ್ನು ಬರೆದಿಡುವ ‘ಎಫ್‌ಎಸ್‌ಟ್ಯಾಬ್’ ಫೈಲ್‌ನಲ್ಲಿ ‘ನೋಫೇಲ್’ (ಮೌಂಟ್ ಆಗದಿದ್ದರೂ ಬೂಟ್ ಮುಂದುವರಿಯಲಿ) ಮತ್ತು ‘ಎಕ್ಸ್-ಸಿಸ್ಟಂಡಿ.ಆಟೋಮೌಂಟ್’ ಸೇರಿಸಿ. ಆಗ ಫೋಲ್ಡರ್ ಮುಟ್ಟಿದಾಗ ಮಾತ್ರ ಮೌಂಟ್ ಆಗುತ್ತದೆ.

‘ಸ್ಟೇಲ್ ಫೈಲ್ ಹ್ಯಾಂಡಲ್’ ಅಂತ ಬಂದರೆ ಮಾತ್ರ ಬೇರೆ ಕಥೆ. ಅಲ್ಲಿ ಸರ್ವರ್ ಚೆನ್ನಾಗಿಯೇ ಇದೆ, ನೀವು ಹಿಡಿದಿದ್ದ ಫೋಲ್ಡರನ್ನು ಆ ಕಡೆ ಯಾರೋ ಅಳಿಸಿದ್ದಾರೆ ಇಲ್ಲವೇ ಬದಲಿಸಿದ್ದಾರೆ. ಕಾದು ಪ್ರಯೋಜನವಿಲ್ಲ, ಬಿಡಿಸಿ ಮತ್ತೆ ಮೌಂಟ್ ಮಾಡಿ.