ತಾತನ ತೋಳಿನ ಕೆಂಪು ದುಂಡು

ಮಾಲೂರು ತಾಲ್ಲೂಕಿನ ಓದುಗರೊಬ್ಬರ ಪತ್ರ: "ನಮ್ಮ ತಾತ ಎರಡನೇ ಮಹಾಯುದ್ಧದಲ್ಲಿ ಮಿಲಿಟರಿ ಲಾರಿ ಡ್ರೈವರ್ ಆಗಿದ್ದರು. ಅವರ ಟ್ರಂಕಿನಲ್ಲಿ ಒಂದು ಖಾಕಿ ಅಂಗಿ ಸಿಕ್ಕಿದೆ. ಹೆಗಲ ಮೇಲೆ ಆರ್.ಐ.ಎ.ಎಸ್.ಸಿ. ಅಂತ ಹಿತ್ತಾಳೆ ಅಕ್ಷರ ಇದೆ. ತೋಳಿನ ಮೇಲೆ ಕಪ್ಪು ಬಟ್ಟೆ, ಅದರ ನಡುವೆ ಕೆಂಪು ದುಂಡು. ಜೊತೆಗೆ ನಕ್ಷತ್ರದಂಥ ಎರಡು ಪದಕಗಳು. ಕೆಂಪು ದುಂಡು ಅಂದ್ರೆ ಜಪಾನ್ ಬಾವುಟ, ತಾತ ನೇತಾಜಿ ಸೈನ್ಯದಲ್ಲಿದ್ದರು ಅಂತ ನಮ್ಮ ಚಿಕ್ಕಪ್ಪ ವಾದ ಮಾಡ್ತಾರೆ. ನಿಜ ಯಾವುದು, ತಿಳಿಸ್ತೀರಾ?"

ಸಂಪಾದಕರ ಉತ್ತರ:

ನೀವು ಕಳಿಸಿದ ಫೋಟೋ ನೋಡಿದ ಕೂಡಲೇ ನನಗೆ ಖುಷಿಯಾಯಿತು. ಇಂಥ ಅಂಗಿಗಳು ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಒರೆಸುವ ಬಟ್ಟೆಯಾಗಿ ಹೋಗಿಬಿಟ್ಟಿವೆ. ನಿಮ್ಮದು ಉಳಿದಿದೆ, ದೊಡ್ಡ ಮಾತು.

ಜಪಾನ್ ಬಾವುಟದಲ್ಲಿ ಕೆಂಪು ದುಂಡು ಇರುವುದು ಬಿಳಿಯ ಮೇಲೆ. ಕಪ್ಪಿನ ಮೇಲಿನ ಕೆಂಪು ದುಂಡು ಬ್ರಿಟಿಷರ ಭಾರತೀಯ ಸೇನೆಯ ಐದನೇ ಡಿವಿಜನ್‌ನ ಗುರುತು. ಅದಕ್ಕೆ 'ಬಾಲ್ ಆಫ್ ಫೈರ್' (ಬೆಂಕಿಯ ಚೆಂಡು) ಡಿವಿಜನ್ ಅಂತಲೇ ಹೆಸರು. ಜಪಾನ್ ಸೇನೆಯನ್ನು ಇಂಫಾಲದಲ್ಲಿ ತಡೆದು ನಿಲ್ಲಿಸಿದ ಡಿವಿಜನ್‌ಗಳಲ್ಲಿ ಅದೂ ಒಂದು!

ಅಂಗಿಯ ಮೇಲಿನ ಎರಡು ಗುರುತುಗಳನ್ನು ಬೇರೆಬೇರೆಯಾಗಿ ಓದಬೇಕು. ಹೆಗಲ ಮೇಲಿನ ಅಕ್ಷರ ಮನೆತನದ ಹೆಸರಿದ್ದಂತೆ. ಆರ್.ಐ.ಎ.ಎಸ್.ಸಿ. ಅಂದರೆ ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್. ಸೈನ್ಯಕ್ಕೆ ಅಕ್ಕಿ, ಹಿಟ್ಟು, ಪೆಟ್ರೋಲ್, ಮದ್ದುಗುಂಡು ಸಾಗಿಸುವುದು ಇವರ ಕೆಲಸ. ಈ ಕೋರಿನವರು ಎಲ್ಲ ಡಿವಿಜನ್‌ಗಳಲ್ಲೂ ಇರುತ್ತಿದ್ದರು. ಹಾಗಾಗಿ ಬರೀ ಹೆಗಲು ನೋಡಿದರೆ ತಾತ ಎಲ್ಲಿ ಹೋಗಿದ್ದರು ಅನ್ನುವುದು ಗೊತ್ತಾಗುವುದಿಲ್ಲ. ಅದನ್ನು ಹೇಳುವುದು ತೋಳು.

ಡಿವಿಜನ್ ಅಂದರೆ ಮೂರು ಬ್ರಿಗೇಡು, ಅವುಗಳ ಜೊತೆಗೆ ಫಿರಂಗಿ, ಸ್ಯಾಪರ್ಸ್ (ರಸ್ತೆ, ಸೇತುವೆ ಕಟ್ಟುವವರು), ಲಾರಿ, ಆಸ್ಪತ್ರೆ. ಎಲ್ಲ ಸೇರಿ ಸುಮಾರು 15 ಸಾವಿರ ಜನ. ಪಂಜಾಬಿ, ಮರಾಠಿ, ತಮಿಳು, ಗೂರ್ಖಾಲಿ, ಜೊತೆಗೆ ಇಂಗ್ಲಿಷ್ ಸೋಲ್ಜರುಗಳು. ಇಷ್ಟು ಭಾಷೆಯವರಿಗೆ ಒಂದೇ ನೋಟಕ್ಕೆ 'ಇವನು ನಮ್ಮವನು' ಅಂತ ಗೊತ್ತಾಗಬೇಕು. ಲಾರಿಯ ಮೇಲೂ ಅದೇ ಚಿತ್ರ. ಅಕ್ಷರ ಬೇಕಿಲ್ಲ, ಶತ್ರುವಿಗೆ ಡಿವಿಜನ್ ನಂಬರ್ ಓದಲೂ ಸಿಗುವುದಿಲ್ಲ. ನಾಲ್ಕನೇ ಡಿವಿಜನ್‌ಗೆ ಕೆಂಪು ಹದ್ದು, ಹದಿನೇಳನೆಯದಕ್ಕೆ ಕರಿ ಬೆಕ್ಕು, ಇಪ್ಪತ್ತಮೂರನೆಯದಕ್ಕೆ ಕಾಳಗದ ಹುಂಜ. ಇವುಗಳಲ್ಲಿ ಐದನೆಯದರ ಗುರುತೇ ಎಲ್ಲಕ್ಕಿಂತ ಸರಳ. ಮಳೆಯಲ್ಲಿ, ಧೂಳಿನಲ್ಲಿ, ದೂರದಿಂದ ಕೂಡ ಕಾಣುತ್ತದೆ. ನನಗಂತೂ ಎಲ್ಲಕ್ಕಿಂತ ಇಷ್ಟವಾದದ್ದು ಅದೇ.

ಈಗ ನಿಮ್ಮ ಪದಕಗಳಿಗೆ ಬರೋಣ. ಒಂದರ ರಿಬ್ಬನ್ ಮರಳಿನ ಬಣ್ಣದ್ದು, ನಡುವೆ ಕೆಂಪು ಪಟ್ಟಿ. ಅದು ಆಫ್ರಿಕಾ ಸ್ಟಾರ್. ಇನ್ನೊಂದರಲ್ಲಿ ನಡುವೆ ಅಗಲವಾದ ಕೆಂಪು, ಎರಡೂ ಕಡೆ ನೀಲಿ ಮತ್ತು ಕಿತ್ತಳೆ. ಅದು ಬರ್ಮಾ ಸ್ಟಾರ್. ಐದನೇ ಡಿವಿಜನ್ ಹೋದ ದಾರಿಯೂ ಇದೇ.

1940ರಲ್ಲಿ ಈ ಡಿವಿಜನ್ ಸೂಡಾನ್‌ನಲ್ಲಿ ಇಳಿಯಿತು. 1941ರ ಫೆಬ್ರವರಿ, ಮಾರ್ಚ್‌ನಲ್ಲಿ ಎರಿಟ್ರಿಯಾದ ಕೆರೆನ್ ಎಂಬಲ್ಲಿ ಇಟಲಿಯವರೊಡನೆ ಘೋರ ಕಾಳಗ. ಸುತ್ತ ಬೋಳು ಬೆಟ್ಟ, ಮೇಲೆ ಶತ್ರು, ಮಧ್ಯೆ ಒಂದೇ ಒಂದು ರಸ್ತೆ. ಆ ರಸ್ತೆಯ ಮೇಲೂ ಇಟಲಿಯವರು ಬಂಡೆಗಳನ್ನು ಸಿಡಿಸಿ ಕೆಡವಿದ್ದರು. ಬೆಟ್ಟ ಹತ್ತಿದವರಿಗೆ ನೀರು ಕೂಡ ಕೆಳಗಿಂದಲೇ ಹೋಗಬೇಕು. ಲಾರಿ ಹೋಗುವಷ್ಟು ದೂರ ಲಾರಿ, ಆಮೇಲೆ ಹೇಸರಗತ್ತೆ, ಅದಾದ ಮೇಲೆ ಮನುಷ್ಯನ ಬೆನ್ನು. ಮಾರ್ಚ್ 27ಕ್ಕೆ ಕೆರೆನ್ ಕೈಸೇರಿತು. ಯುದ್ಧದ ಕಥೆ ಬರೆಯುವವರು ಬೆಟ್ಟ ಹತ್ತಿದವರ ಹೆಸರು ಬರೆಯುತ್ತಾರೆ, ಬರೆಯಬೇಕಾದದ್ದೇ. ನೀರು, ಗುಂಡು ಹೊತ್ತು ತಂದವರ ಹೆಸರು ಮಾತ್ರ ಜಾಸ್ತಿ ಎಲ್ಲೂ ಸಿಗುವುದಿಲ್ಲ.

1942ರಲ್ಲಿ ಉತ್ತರ ಆಫ್ರಿಕಾದ ಮರುಭೂಮಿಯಲ್ಲಿ ಜರ್ಮನ್ ಸೇನಾಪತಿ ರೊಮೆಲ್‌ನ ಸೈನ್ಯದ ಎದುರು ಡಿವಿಜನ್ ಭಾರಿ ಪೆಟ್ಟು ತಿಂದಿತು. ಆಮೇಲೆ ಬರ್ಮಾ ಗಡಿಗೆ ಬಂತು. 1944ರ ಮಾರ್ಚ್‌ನಲ್ಲಿ ಜಪಾನ್ ಸೇನೆ ಇಂಫಾಲದತ್ತ ನುಗ್ಗಿದಾಗ, ಬರ್ಮಾ ಕರಾವಳಿಯ ಅರಾಕಾನ್‌ನಲ್ಲಿ ಕಾದಾಡುತ್ತಿದ್ದ ಡಿವಿಜನ್ನನ್ನು ಡಕೋಟಾ ವಿಮಾನಗಳಲ್ಲಿ ಎತ್ತಿ ತಂದರು. ಜನ, ಫಿರಂಗಿ, ಜೀಪು, ಹೇಸರಗತ್ತೆ ಎಲ್ಲ ಆಕಾಶದಲ್ಲಿ! ಜೂನ್ 22ರಂದು ಕೊಹಿಮಾ ರಸ್ತೆಯ 109ನೇ ಮೈಲಿಗಲ್ಲಿನ ಹತ್ತಿರ ಈ ಡಿವಿಜನ್‌ನವರೂ ಉತ್ತರದಿಂದ ಬಂದ ಬ್ರಿಟಿಷ್ ಸೈನಿಕರೂ ಸಂಧಿಸಿದರು. ಇಂಫಾಲಕ್ಕೆ ಜಪಾನಿಯರು ಹಾಕಿದ್ದ ಮುತ್ತಿಗೆ ಮುರಿಯಿತು.

ನಿಮ್ಮ ಚಿಕ್ಕಪ್ಪನವರಿಗೆ ಒಂದು ಮಾತು. ನೇತಾಜಿಯವರ ಆಜಾದ್ ಹಿಂದ್ ಫೌಜ್ ಕೂಡ ಆಗ ಅದೇ ಇಂಫಾಲದ ಸುತ್ತ, ಎದುರು ಬದಿಯಲ್ಲಿತ್ತು. ಅವರ ತ್ಯಾಗವನ್ನು ನಾನು ಮನಸಾರೆ ಗೌರವಿಸುತ್ತೇನೆ. ಆದರೆ ಅವರ ಕಥೆಯನ್ನು ನಿಮ್ಮ ತಾತನ ಮೇಲೆ ಹೊದಿಸುವುದು ಬೇಡ. ಹದಿನೆಂಟು ಇಪ್ಪತ್ತರ ಹುಡುಗರು ಮನೆಗೆ ನಾಲ್ಕು ಕಾಸು ಕಳಿಸಲು ಬ್ರಿಟಿಷರ ಸೈನ್ಯ ಸೇರಿದರು. ಅದರಲ್ಲಿ ನಾಚಿಕೆಪಡುವಂಥದ್ದು ಏನಿದೆ?

ಒಂದು ಸಂಗತಿ ಮಾತ್ರ ನನ್ನನ್ನು ಇಂದಿಗೂ ಕಾಡುತ್ತದೆ. ಜಪಾನ್ ಶರಣಾದ ಮೇಲೆ, 1945ರ ನವೆಂಬರಿನಲ್ಲಿ ಇದೇ ಡಿವಿಜನ್ನನ್ನು ಜಾವಾದ ಸುರಬಾಯಕ್ಕೆ ಕಳಿಸಿದರು. ಅಲ್ಲಿ ಎದುರಿಗೆ ನಿಂತಿದ್ದವರು ಸ್ವಾತಂತ್ರ್ಯ ಘೋಷಿಸಿಕೊಂಡಿದ್ದ ಇಂಡೋನೇಷ್ಯಾದ ಜನ. ನಮ್ಮ ನಾಡಿಗೆ ಇನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ. ಬ್ರಿಟಿಷರು ನಮ್ಮ ಹುಡುಗರ ಕೈಯಲ್ಲಿ ಅವರ ಮೇಲೆ ಗುಂಡು ಹಾರಿಸಿದರು. ಅಲ್ಲಿಂದ ಬಂದ ಎಷ್ಟೋ ಜನ ಬಾಯಿ ಬಿಡದಿದ್ದರೆ ಅದು ಸಹಜ ಅಲ್ವಾ?

ಆ ಕೆಂಪು ದುಂಡು ಇಂದಿಗೂ ನಮ್ಮ ಸೈನ್ಯದಲ್ಲಿದೆ. ಅರುಣಾಚಲದ ಕಡೆ ಇರುವ ಐದನೇ ಮೌಂಟನ್ ಡಿವಿಜನ್ ಅದನ್ನೇ ಧರಿಸುತ್ತದೆ.

ಇನ್ನು ಮಾಡಬೇಕಾದ ಕೆಲಸ. ಅಂಗಿ ಒಗೆಯಬೇಡಿ, ಇಸ್ತ್ರಿಗೂ ಕೊಡಬೇಡಿ, ಪದಕಗಳನ್ನು ಹುಣಸೆಹಣ್ಣಿನಲ್ಲಿ ತಿಕ್ಕಬೇಡಿ. ಟ್ರಂಕಿನ ತಳದಲ್ಲಿ ತಾತನ ಡಿಸ್ಚಾರ್ಜ್ ಕಾಗದ ಇದೆಯಾ ಹುಡುಕಿ. ಅದರಲ್ಲಿ ಅವರ ಸೈನಿಕ ನಂಬರ್ ಇರುತ್ತದೆ. ಅದರ ಜೆರಾಕ್ಸ್ ಜೊತೆ ಬೆಂಗಳೂರಿನ ಎ.ಎಸ್.ಸಿ. (ಆರ್ಮಿ ಸರ್ವಿಸ್ ಕೋರ್, ತಾತನ ಕೋರಿನ ಈಗಿನ ಹೆಸರು) ರೆಕಾರ್ಡ್ಸ್ ಕಚೇರಿಗೆ ಒಂದು ಅರ್ಜಿ ಹಾಕಿ. ಜೆರಾಕ್ಸ್ ನಮಗೂ ಒಂದು ಕಳಿಸಿ, ಅವರು ಯಾವ ಕಂಪನಿಯಲ್ಲಿದ್ದರು ಅನ್ನುವುದನ್ನು ನಾವೂ ಹುಡುಕುತ್ತೇವೆ.